ಊರ ಕಾಫಿ ಹೋಟೆಲಿಗೆ ಗಿರಾಕಿ ಕಡಿಮೆಯಾದದ್ದೇಕೆ?

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಯಾವ ಪೇಟೆಗೆ ಹೋದರೂ ಬಸ್ ನಿಲ್ದಾಣದ ಹತ್ತಿರವೋ, ಸಂತೆಮಾಳದ ಪಕ್ಕದಲ್ಲೋ, ತಾಲ್ಲೂಕು ಕಚೇರಿಯ ಎದುರಿಗೋ ಒಂದು ಹಳೆಯ ಕಾಫಿ ಹೋಟೆಲು ಇದ್ದೇ ಇರುತ್ತಿತ್ತು. ಕಲ್ಲು ಹಾಸಿನ ಮೇಜು, ಮರದ ಬೆಂಚು, ಗಲ್ಲಾಪೆಟ್ಟಿಗೆಯ ಮೇಲೆ ದೇವರ ಪಟ, ಗೋಡೆಯಲ್ಲಿ ತಿಂಡಿಗಳ ದರಪಟ್ಟಿ. ಇಂದು ಅವುಗಳಲ್ಲಿ ಎಷ್ಟೋ ಮುಚ್ಚಿವೆ. ಕೆಲವು ಮೊಬೈಲು ಅಂಗಡಿಗಳಾಗಿವೆ, ಕೆಲವು ಬೇಕರಿಗಳಾಗಿವೆ. ಉಳಿದವುಗಳಲ್ಲಿಯೂ ಬೆಳಗಿನ ತಿಂಡಿಯ ಗದ್ದಲ ಮುಗಿದ ಮೇಲೆ ಬೆಂಚುಗಳು ಖಾಲಿ.

ಬೆಳೆಗಾರರ ಪತ್ರಿಕೆಯಲ್ಲಿ ಹೋಟೆಲಿನ ವಿಚಾರವೇಕೆ ಎಂದು ಕೆಲವು ಸದಸ್ಯರು ಕೇಳಬಹುದು. ನಾವು ಬೆಳೆದ ಕಾಳು ಕೊನೆಗೆ ಯಾರದಾದರೂ ಲೋಟಕ್ಕೆ ಇಳಿಯಲೇಬೇಕಷ್ಟೆ. ಭಾರತದ ಕಾಫಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೊರದೇಶಕ್ಕೆ ಹೋಗುತ್ತದೆ. ಅದರ ಬೆಲೆಯನ್ನು ರೋಬಸ್ಟಾಕ್ಕೆ ಲಂಡನ್ನಿನ ಪೇಟೆ, ಅರೇಬಿಕಾಕ್ಕೆ ನ್ಯೂಯಾರ್ಕಿನ ಪೇಟೆ ನಿರ್ಧರಿಸುತ್ತವೆ. ಆ ಎರಡು ಪೇಟೆಗಳ ಮೇಲೆ ನಮ್ಮ ಮಾತು ನಡೆಯುವುದಿಲ್ಲ. ನಮ್ಮ ಮಾತು ನಡೆಯಬಹುದಾದ ಮಾರುಕಟ್ಟೆ ಎಂದರೆ ನಮ್ಮ ಊರಿನ ಲೋಟ. ಆ ಲೋಟ ಈಗ ಟೀ ಲೋಟವಾಗುತ್ತಿದೆ. ಹೀಗಾಗಿ ಹೋಟೆಲಿನ ಕಷ್ಟ ನಮ್ಮ ಕಷ್ಟವೂ ಹೌದು.

ಹೋಟೆಲು ಮಾರುತ್ತಿದ್ದುದು ಏನನ್ನು?

ಮೇಲುನೋಟಕ್ಕೆ ಹೋಟೆಲು ಮಾರುತ್ತಿದ್ದುದು ಇಡ್ಲಿ, ಉಪ್ಪಿಟ್ಟು ಮತ್ತು ಕಾಫಿಯನ್ನು. ಸ್ವಲ್ಪ ಯೋಚಿಸಿದರೆ ಅದು ಮುಖ್ಯವಾಗಿ ಮಾರುತ್ತಿದ್ದುದು ಕೂರುವ ಜಾಗವನ್ನು ಎಂದು ತಿಳಿಯುತ್ತದೆ. ಬೈಟು ಕಾಫಿ ಹೇಳಿದ ಇಬ್ಬರು ಒಂದು ಗಂಟೆ ಕೂತು ಜಮೀನಿನ ವ್ಯವಹಾರ ಮಾತಾಡುತ್ತಿದ್ದರು. ಎತ್ತಿನ ದಲ್ಲಾಳಿ, ಹೆಣ್ಣು ಗಂಡು ನೋಡುವವರು, ಅರ್ಜಿ ಬರೆಯುವವರು, ಸಹಕಾರ ಸಂಘದ ಚುನಾವಣೆಗೆ ನಿಂತವರು ಎಲ್ಲರಿಗೂ ಅದೇ ಕಚೇರಿ. ಒಂದೇ ಪತ್ರಿಕೆಯನ್ನು ಹಾಳೆ ಹಾಳೆಯಾಗಿ ಬಿಡಿಸಿಕೊಂಡು ಹತ್ತು ಜನ ಓದುತ್ತಿದ್ದರು. ರೇಡಿಯೋದಲ್ಲಿ ಪೇಟೆ ಧಾರಣೆ ಬರುವ ಹೊತ್ತಿಗೆ ಮಾತು ನಿಲ್ಲುತ್ತಿತ್ತು. ಕಾಫಿಯ ದುಡ್ಡು ಒಂದು ರೀತಿಯಲ್ಲಿ ಆ ಜಾಗದ ಬಾಡಿಗೆ. ಬಾಗಿಲ ಪಕ್ಕದ ಬೀಡಾ ಅಂಗಡಿ, ಎದುರಿನ ಸೈಕಲ್ ಷಾಪು ಕೂಡ ಅದೇ ಜನರಿಂದ ಬದುಕುತ್ತಿದ್ದವು.

ಈ ಹೋಟೆಲುಗಳನ್ನು ಕಟ್ಟಿದವರಲ್ಲಿ ಹಲವರು ಉಡುಪಿ ಸೀಮೆಯಿಂದ ಬಂದವರು. 1923ರ ದೊಡ್ಡ ನೆರೆಯ ನಂತರ ದಕ್ಷಿಣ ಕನ್ನಡದಿಂದ ಎಷ್ಟೋ ಕುಟುಂಬಗಳು ಘಟ್ಟ ಹತ್ತಿ ಹೋಟೆಲು ಕಸುಬಿಗೆ ಇಳಿದವು. ಊರಿನವರು ನೋಡಿ ಕಲಿತರು. ಇನ್ನು ಕಾಫಿಯ ನಂಟು ನಮ್ಮ ಪ್ರದೇಶಕ್ಕೆ ಹೊಸದಲ್ಲ. ಬ್ರಿಟಿಷರ ಕಾಲದಲ್ಲೇ ಹುಣಸೂರಿನಲ್ಲಿ ಕಾಫಿ ಹದಮಾಡುವ ಕಾರ್ಖಾನೆಗಳಿದ್ದವು. ಇಂದಿಗೂ ಪಿರಿಯಾಪಟ್ಟಣದ ಗಡಿ ದಾಟಿದರೆ ಕುಶಾಲನಗರದ ಕೂಡ್ಲೂರಿನಲ್ಲಿ ಕಾಫಿ ಸಂಸ್ಕರಣಾ ಘಟಕಗಳಿವೆ. ಕಾಫಿ ತುಂಬಿದ ಲಾರಿಗಳು ದಿನವೂ ನಮ್ಮ ಪೇಟೆಗಳ ಮೇಲೆಯೇ ಹಾದುಹೋಗುತ್ತವೆ.

ಕೂರುವ ಕಾರಣಗಳು ಹೊರಟುಹೋದವು

ಹಳ್ಳಿಯ ರೈತ ಮೊದಲು ಪೇಟೆಯಲ್ಲಿ ಕೂರುತ್ತಿದ್ದುದು ಕಾಯಲೇಬೇಕಾಗಿದ್ದುದರಿಂದ. ಬೆಳಿಗ್ಗೆ ಬಂದ ಬಸ್ಸು ಮತ್ತೆ ಸಂಜೆಗೆ. ಪಹಣಿಗಾಗಿ ಶಾನುಭೋಗರನ್ನೋ, ಅನಂತರ ಗ್ರಾಮಲೆಕ್ಕಿಗರನ್ನೋ ಕಾಯಬೇಕು. ಹೊಗೆಸೊಪ್ಪಿನ ದುಡ್ಡಿಗೆ, ಕಬ್ಬಿನ ಬಿಲ್ಲಿಗೆ ಕಾಯಬೇಕು. ಈಗ ಮನೆಗೊಂದು ಮೋಟಾರು ಸೈಕಲ್ಲು ಇದೆ. 2000ದ ನಂತರ ‘ಭೂಮಿ’ ಯೋಜನೆಯಿಂದ ಪಹಣಿ ಕಂಪ್ಯೂಟರಿಗೆ ಸೇರಿತು, ಈಗ ಊರಿನಲ್ಲೇ ತೆಗೆದುಕೊಳ್ಳಬಹುದು. ಹುಣಸೂರು ಬಳಿಯ ಕಟ್ಟೆಮಳಲವಾಡಿ, ಚಿಲ್ಕುಂದ, ಪಿರಿಯಾಪಟ್ಟಣ, ಕಂಪಲಾಪುರ, ಹೆಗ್ಗಡದೇವನಕೋಟೆ ಹರಾಜು ಮಾರುಕಟ್ಟೆಗಳಲ್ಲಿ ಸೊಪ್ಪು ಮಾರಿದವರ ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬೀಳುತ್ತದೆ. ಪೇಟೆ ಧಾರಣೆ, ಪತ್ರಿಕೆ, ಹರಟೆ ಮೂರೂ ಜೇಬಿನ ಮೊಬೈಲಿನಲ್ಲಿವೆ. ಇವೆಲ್ಲ ರೈತನಿಗೆ ಒಳ್ಳೆಯದೇ ಆಗಿದೆ. ಯಾರೂ ಹಳೆಯ ಕಾಯುವಿಕೆ ಮರಳಿ ಬರಲಿ ಎನ್ನುವುದಿಲ್ಲ. ಆದರೆ ಆ ಕಾಯುವಿಕೆಯ ಮೇಲೆ ನಿಂತಿದ್ದ ಹೋಟೆಲು ಮಾತ್ರ ಕುಸಿಯಿತು.

ಉಳಿದ ಗಿರಾಕಿಯನ್ನು ಬೇರೆಯವರು ಹಂಚಿಕೊಂಡರು. ಆತುರದಲ್ಲಿರುವವನು ಬೇಕರಿಯ ಮುಂದೆ ನಿಂತು ಟೀ ಕುಡಿದು ಹೋಗುತ್ತಾನೆ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದರ್ಶಿನಿಗಳ ನಿಂತು ತಿನ್ನುವ ಪದ್ಧತಿ ಸಣ್ಣ ಪೇಟೆಗಳಿಗೂ ಬಂತು. ಕಾರಿನಲ್ಲಿ ಮಡಿಕೇರಿಗೋ, ಬೈಲಕುಪ್ಪೆಗೋ, ಕಬಿನಿಗೋ ಹೋಗುವವರು ಹೆದ್ದಾರಿ ಬದಿಯಲ್ಲಿ ಕಾರು ನಿಲ್ಲಿಸಲು ಜಾಗವಿರುವ, ಶುಚಿಯಾದ ಶೌಚಾಲಯವಿರುವ ಹೊಸ ಹೋಟೆಲುಗಳನ್ನೇ ಹುಡುಕುತ್ತಾರೆ. ಹೊಲದ ಆಳುಗಳಿಗೆ ಫ್ಲಾಸ್ಕಿನಲ್ಲಿ ಟೀ ಹೋಗುತ್ತದೆ.

ಸಂಜೆಯ ಕೂಟದ ಕಥೆ ಬೇರೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಸಾರಾಯಿ ಅಂಗಡಿ ಮುಚ್ಚಿದರೆ ಆ ಜನ ಸಂಜೆ ಕಾಫಿ ಹೋಟೆಲಿಗೆ ಬಂದಾರೆಂದು ಆಸೆಪಟ್ಟವರಿದ್ದರು. ಹಾಗಾಗಲಿಲ್ಲ. ಅವರು ವೈನ್ ಷಾಪಿಗೂ ಬಾರಿಗೂ ಹೋದರು. ಸಂಜೆ ಆರಕ್ಕೇ ಅಡಿಗೆಮನೆ ತೊಳೆದು ಕುರ್ಚಿ ಮೇಲೆತ್ತುವ ಹೋಟೆಲಿಗೆ ಅವರು ಬರುವುದಾದರೂ ಹೇಗೆ? ಮುಂದಿನ ವರ್ಷ, 2008ರ ಅಕ್ಟೋಬರ್ 2ರಿಂದ, ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನಕ್ಕೆ ದೇಶದಾದ್ಯಂತ ನಿಷೇಧ ಬಂತು. ಹೊಗೆಸೊಪ್ಪು ಬೆಳೆಯುವ ನಮ್ಮ ಸೀಮೆಯಲ್ಲಿ ಕಾಫಿಯ ಜೊತೆಗೆ ಬೀಡಿ ಹಚ್ಚಿ ಕೂರುತ್ತಿದ್ದವರು ರಸ್ತೆಯ ಪೆಟ್ಟಿಗೆ ಅಂಗಡಿಗೆ ಹೋಗಿ ನಿಂತರು. ಆರೋಗ್ಯದ ದೃಷ್ಟಿಯಿಂದ ಕಾನೂನು ಸರಿ. ಅವರನ್ನು ಮತ್ತೆ ಒಳಗೆ ಕರೆಯುವಂಥದ್ದನ್ನು ಹೋಟೆಲು ಏನನ್ನೂ ಕೊಡಲಿಲ್ಲ ಎಂಬುದೇ ಲೋಪ.

ಲೋಟದ ಲೆಕ್ಕ

ಹೋಟೆಲಿನವರು ಕಾಫಿ ಬಿಟ್ಟು ಟೀಯ ಕಡೆಗೆ ವಾಲಿದ್ದೇಕೆ ಎಂಬುದನ್ನು ತಿಳಿಯಲು ಒಂದು ಸರಳ ಲೆಕ್ಕ ಸಾಕು. ಒಂದು ಲೋಟ ಒಳ್ಳೆಯ ಕಾಫಿಗೆ 10 ಗ್ರಾಂ ಪುಡಿ ಎಂದಿಟ್ಟುಕೊಂಡರೆ ಒಂದು ಕಿಲೋ ಪುಡಿಯಿಂದ 100 ಲೋಟ. ಒಂದು ಲೋಟ ಟೀಗೆ ಎರಡೂವರೆ ಗ್ರಾಂ ಸೊಪ್ಪು ಎಂದರೆ ಒಂದು ಕಿಲೋದಿಂದ 400 ಲೋಟ. ಅಂದರೆ ಕಾಫಿಪುಡಿ ಕಿಲೋಗೆ 100 ರೂಪಾಯಿ ಏರಿದರೆ ಲೋಟಕ್ಕೆ ಒಂದು ರೂಪಾಯಿ ಹೊರೆ, ಟೀಸೊಪ್ಪು ಅಷ್ಟೇ ಏರಿದರೆ ಲೋಟಕ್ಕೆ 25 ಪೈಸೆ.

2024ರಲ್ಲಿ ರೋಬಸ್ಟಾ ಚೆರ್ರಿ 50 ಕಿಲೋ ಮೂಟೆಗೆ 10,000 ರೂಪಾಯಿ ದಾಟಿದಾಗ ನಾವೆಲ್ಲ ಸಂತೋಷಪಟ್ಟೆವು. ವರ್ಷಗಟ್ಟಲೆ ಕೈಸುಟ್ಟುಕೊಂಡವರಿಗೆ ಅದು ನ್ಯಾಯವಾದ ಸಂತೋಷವೇ. ಆದರೆ ಅದೇ ಬೆಲೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೆ ಭಾರವಾಗಿ ಬಿತ್ತು. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರವೂ ಲೀಟರಿಗೆ 4 ರೂಪಾಯಿ ಏರಿತು. ಲೋಟದ ಬೆಲೆಯನ್ನು ಅದಕ್ಕೆ ತಕ್ಕಂತೆ ಏರಿಸಲು ಧೈರ್ಯವಿಲ್ಲದ ಹೋಟೆಲಿನವರು ಒಂದು ಹಳೆಯ ಉಪಾಯಕ್ಕೆ ಕೈಹಾಕುತ್ತಾರೆ. ಪುಡಿ ಕಡಿಮೆ, ಚಿಕೋರಿ ಹೆಚ್ಚು. ಬೆಳಗಿನ ಚರಟಕ್ಕೆ ಮತ್ತೆ ಮತ್ತೆ ನೀರು ಹೊಯ್ದು, ಡಿಕಾಕ್ಷನ್ನನ್ನು ಸಂಜೆಯವರೆಗೆ ಕುದಿಸಿ ಕಪ್ಪು ಬಣ್ಣ ಬರಿಸುತ್ತಾರೆ. ಗಿರಾಕಿ ಒಂದೆರಡು ಸಲ ಸಹಿಸುತ್ತಾನೆ. ಮೂರನೆಯ ಸಲ ‘ಟೀ ಕೊಡಿ’ ಎನ್ನುತ್ತಾನೆ. ಕಾಫಿಯ ಗಿರಾಕಿಯನ್ನು ಟೀ ಕಿತ್ತುಕೊಂಡಿತು ಎಂದು ನಾವು ದೂರುತ್ತೇವೆ. ಅರ್ಧ ನಿಜ ಏನೆಂದರೆ, ಕೆಟ್ಟ ಕಾಫಿಯೇ ಅವನನ್ನು ಅತ್ತ ದಬ್ಬಿತು.

ಇನ್ನೊಂದು ಖರ್ಚಿನ ಮಾತನ್ನೂ ಮುಚ್ಚಿಡದೆ ಹೇಳಬೇಕು. ಹಳೆಯ ಹೋಟೆಲುಗಳ ಅಗ್ಗದ ದರದ ಹಿಂದೆ ಮಕ್ಕಳ ದುಡಿಮೆ ಇತ್ತು. ಮೇಜು ಒರೆಸಿ ಲೋಟ ತೊಳೆಯುತ್ತಿದ್ದ ‘ಮಾಣಿ’ಗಳಲ್ಲಿ ಎಷ್ಟೋ ಮಂದಿ ಶಾಲೆ ಬಿಟ್ಟ ಹುಡುಗರು. 14 ವರ್ಷದೊಳಗಿನವರನ್ನು ಹೋಟೆಲುಗಳಲ್ಲಿ ದುಡಿಸುವುದನ್ನು 2006ರ ಅಕ್ಟೋಬರ್ 10ರಿಂದ ನಿಷೇಧಿಸಲಾಯಿತು. ಅದು ಆಗಬೇಕಾದದ್ದೇ. ಈಗ ವಯಸ್ಕ ಕೆಲಸಗಾರರಿಗೆ ಸರಿಯಾದ ಸಂಬಳ ಕೊಡಬೇಕು. ಅವರೂ ಬೆಂಗಳೂರು, ಮೈಸೂರಿನ ಕಡೆಗೆ ಹೋಗುತ್ತಾರೆ. ಮಾಲೀಕರ ಮಕ್ಕಳು ಓದಿ ಬೇರೆ ಉದ್ಯೋಗಕ್ಕೆ ಸೇರುತ್ತಾರೆ. ಹೀಗೆ ಗಿರಾಕಿಯಿದ್ದೂ ನಡೆಸುವವರಿಲ್ಲದೆ ಮುಚ್ಚುವ ಹೋಟೆಲುಗಳೂ ಉಂಟು.

ಬಾಗಿಲ ಹೊರಗೆ ಉಳಿದವರು

ಹಳೆಯ ಹೋಟೆಲನ್ನು ಊರಿನ ಚಾವಡಿ ಎಂದು ಹೊಗಳುವುದು ರೂಢಿ. ಆ ಚಾವಡಿ ಎಲ್ಲರದಾಗಿರಲಿಲ್ಲ. ಜಾತಿಗೊಂದು ಪಂಕ್ತಿ, ದಲಿತರಿಗೆ ಬೇರೆ ಲೋಟ ಎಂಬ ಪದ್ಧತಿ ಎಷ್ಟೋ ಕಡೆ ಇತ್ತು. ಹೋಟೆಲುಗಳಿಗೆ ಪ್ರವೇಶ ನಿರಾಕರಿಸಕೂಡದೆಂದು ಸಂವಿಧಾನದ 15ನೆಯ ವಿಧಿ ಹೋಟೆಲಿನ ಹೆಸರೆತ್ತಿಯೇ ಹೇಳಿದೆ. 1955ರ ಕಾನೂನು ಅಸ್ಪೃಶ್ಯತೆಯನ್ನು ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಿತು. ಹೊಲದಲ್ಲಿ, ತೋಟದಲ್ಲಿ ದುಡಿದು ಕೈಯಲ್ಲಿ ಕಾಸಿರುವ ಜನ ಯಾವ ಹೋಟೆಲಿನಲ್ಲಿ ತಮ್ಮ ಅಪ್ಪನನ್ನು ಹೊರಗೆ ನಿಲ್ಲಿಸಿದ್ದರೋ ಅದರ ಮೆಟ್ಟಿಲು ಹತ್ತಲು ಮನಸ್ಸು ಮಾಡದಿದ್ದರೆ ಆಶ್ಚರ್ಯವೇನು? ಹೊಸ ಬೇಕರಿಯ ಮುಂದೆ ಎಲ್ಲರಿಗೂ ಒಂದೇ ಕಾಗದದ ಲೋಟ.

ಹೆಂಗಸರ ವಿಷಯವೂ ಹಾಗೆಯೇ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಆರಂಭವಾದ ಮೇಲೆ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಸ್ತ್ರೀಶಕ್ತಿ ಸಂಘದ ಕೆಲಸಕ್ಕೆ, ಬ್ಯಾಂಕಿಗೆ, ಆಸ್ಪತ್ರೆಗೆ, ಸಂತೆಗೆ ಅವರು ಪೇಟೆಗೆ ಬರುತ್ತಾರೆ. ಬಂದವರು ಕೂರುವುದೆಲ್ಲಿ? ಹಳೆಯ ಹೋಟೆಲಿನ ಮುಂಭಾಗವೆಲ್ಲ ಗಂಡಸರದು. ಒಳಗಿನ ‘ಫ್ಯಾಮಿಲಿ ರೂಂ’ ಕತ್ತಲೆ, ಶೌಚಾಲಯ ಇಲ್ಲ ಅಥವಾ ಇದ್ದರೂ ಬೀಗ. ಗಿರಾಕಿ ಇಲ್ಲವೆಂದು ಹೋಟೆಲಿನವರು ಕೊರಗುತ್ತಿರುವ ಹೊತ್ತಿಗೆ ಪೇಟೆಯ ಅರ್ಧ ಜನ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ಮನೆಯಿಂದ ತಂದ ನೀರು ಕುಡಿಯುತ್ತಿರುತ್ತಾರೆ.

ಬೇರೆಡೆ ಏನು ಮಾಡಿದರು?

ಇದು ನಮ್ಮ ಊರಿನ ತೊಂದರೆ ಮಾತ್ರವಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲಿ ‘ಪಬ್’ ಎಂಬ ಬಿಯರ್ ಮನೆಗಳು ನಮ್ಮ ಹೋಟೆಲಿನಂತೆಯೇ ಊರ ಜನ ಸೇರುವ ಜಾಗ. ಅಲ್ಲೂ ಅವು ಸಾಲುಸಾಲಾಗಿ ಮುಚ್ಚುತ್ತ ಬಂದಿವೆ. ದೊಡ್ಡ ಅಂಗಡಿಗಳಲ್ಲಿ ಬಿಯರ್ ಅಗ್ಗ. ಜನ ಅದನ್ನು ಕೊಂಡು ಮನೆಯಲ್ಲೇ ಕುಡಿಯುತ್ತಾರೆ. ಒಳಗೆ ಹೊಗೆ ಸೇದುವುದಕ್ಕೆ ನಿಷೇಧ ಬಂದುದು 2007ರ ಜುಲೈ 1ರಂದು, ನಮ್ಮಲ್ಲಿ ಸಾರಾಯಿ ನಿಂತ ದಿನವೇ. ಅಲ್ಲಿ ಕೆಲವು ಊರಿನವರು ಕೈಕಟ್ಟಿ ಕೂರಲಿಲ್ಲ. ಕುಂಬ್ರಿಯಾ ಸೀಮೆಯ ಹೆಸ್ಕೆಟ್ ನ್ಯೂಮಾರ್ಕೆಟ್ ಎಂಬ ಹಳ್ಳಿಯವರು ‘ಓಲ್ಡ್ ಕ್ರೌನ್’ ಎಂಬ ತಮ್ಮ ಪಬ್ಬನ್ನು 2003ರಲ್ಲಿ ಷೇರು ಹಾಕಿ ಕೊಂಡು ಸಹಕಾರಿ ತತ್ವದ ಮೇಲೆ ನಡೆಸತೊಡಗಿದರು. 2001ರಿಂದ ಅಲ್ಲಿ ಇನ್ನೊಂದು ಪ್ರಯತ್ನವೂ ನಡೆದಿದೆ. ಊರಿನ ಅಂಚೆ ಕಚೇರಿಯೋ, ದಿನಸಿ ಅಂಗಡಿಯೋ, ಪುಸ್ತಕ ಭಂಡಾರವೋ ಪಬ್ಬಿನ ಒಂದು ಮೂಲೆಯಲ್ಲಿ ನಡೆಯುವಂತೆ ನೆರವು ಕೊಡುತ್ತಾರೆ. ಹೊಗೆಯೂ ಮದ್ಯವೂ ನಮಗೆ ಬೇಡ. ಜನ ಬರಲು ಎರಡನೆಯ ಕಾರಣವೊಂದನ್ನು ಒದಗಿಸಿದ ಆ ಜಾಣತನ ಬೇಕು.

ಸಹಕಾರದ ದಾರಿಗೆ ನಾವು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಬೆಳೆಗಾರರ ಕಾಫಿಗೆ ದೇಶದೊಳಗೆ ಗಿರಾಕಿ ಹುಡುಕಲೆಂದೇ ಕಾಫಿ ಸೆಸ್ ಸಮಿತಿ 1936ರಲ್ಲಿ ಮುಂಬಯಿಯಲ್ಲಿ ಇಂಡಿಯಾ ಕಾಫಿ ಹೌಸ್ ತೆರೆಯಿತು. ಅನಂತರ ಬಂದ ಕಾಫಿ ಮಂಡಳಿ ಅವನ್ನು ಊರೂರಿಗೆ ಹಬ್ಬಿಸಿತು. 1950ರ ದಶಕದಲ್ಲಿ ಮಂಡಳಿ ಅವನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡ ನೌಕರರು ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಸಹಕಾರ ಸಂಘಗಳನ್ನು ಕಟ್ಟಿಕೊಂಡು ತಾವೇ ನಡೆಸಲು ಮುಂದಾದರು. ಮೊದಲ ಸಂಘ ನೋಂದಣಿಯಾದದ್ದು 1957ರ ಆಗಸ್ಟಿನಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ. 2009ರಲ್ಲಿ ಮಹಾತ್ಮ ಗಾಂಧಿ ರಸ್ತೆಯ ಹಳೆಯ ಜಾಗ ಬಿಡಬೇಕಾಗಿ ಬಂದಾಗಲೂ ಬೆಂಗಳೂರಿನ ಕಾಫಿ ಹೌಸು ಚರ್ಚ್ ಸ್ಟ್ರೀಟಿಗೆ ಹೋಗಿ ಕೆಲಸ ಮುಂದುವರಿಸಿತು. ಹಳೆಯ ಗಿರಾಕಿಗಳು ಹಿಂದೆಯೇ ಹೋದರು.

ಹೋಟೆಲಿನವರು ಮಾಡಬಹುದಾದದ್ದು

ಮೊದಲನೆಯದು, ಲೋಟ ಸರಿಯಾಗಬೇಕು. ಹದಿನೈದು ದಿನಕ್ಕಾಗುವಷ್ಟು ಪುಡಿ ತಂದಿಡುವ ಬದಲು ವಾರಕ್ಕೊಮ್ಮೆ ಹೊಸದಾಗಿ ಹುರಿದು ಬೀಸಿದ ಪುಡಿ ತರಬೇಕು. ಗಾಳಿ ಆಡದ ಡಬ್ಬದಲ್ಲಿಡಬೇಕು. ನೀರು ಕುದಿದ ಮೇಲೆ ಒಂದು ಕ್ಷಣ ತಡೆದು ಹೊಯ್ಯಬೇಕು. ಡಿಕಾಕ್ಷನ್ನನ್ನು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕಾರು ಸಲ ಇಳಿಸಬೇಕು, ಮತ್ತೆ ಕುದಿಸಕೂಡದು. ಬೆಲೆ ಒಂದೆರಡು ರೂಪಾಯಿ ಹೆಚ್ಚಾದರೂ ರುಚಿ ಕೆಡಿಸಬಾರದು. ಬೇಕಿದ್ದರೆ ಲೋಟ ಸಣ್ಣದಾಗಲಿ. ನೀರು ಕಾಫಿಯ ಉಳಿತಾಯ ಒಂದು ದಿನದ್ದು, ಅದರಿಂದ ಹೋದ ಗಿರಾಕಿ ಮರಳಿ ಬರುವುದಿಲ್ಲ.

ಎರಡನೆಯದು, ಹೊತ್ತು ಬದಲಾಗಬೇಕು. ಮಧ್ಯಾಹ್ನ ನೊಣ ಹೊಡೆಯುತ್ತ ಕೂರುವ ಎರಡು ಗಂಟೆ ಬಾಗಿಲೆಳೆದರೂ ನಷ್ಟವಿಲ್ಲ. ಬೆಳಗಿನ ಮೊದಲ ಬಸ್ಸಿನ ಹೊತ್ತು, ಶಾಲೆ ಕಾಲೇಜು ಬಿಡುವ ಹೊತ್ತು, ಸಂಜೆ ಆರರಿಂದ ಎಂಟೂವರೆ ಇವು ದುಡಿಮೆಯ ಹೊತ್ತು. ಹರಾಜು ನಡೆಯುವ ತಿಂಗಳುಗಳಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆ, ಜನವರಿಯಲ್ಲಿ ಚುಂಚನಕಟ್ಟೆ ಜಾತ್ರೆಯ ದಿನಗಳಲ್ಲಿ ಕೃಷ್ಣರಾಜನಗರದ ಕಡೆ ಬೇರೆಯೇ ವೇಳಾಪಟ್ಟಿ ಬೇಕಾಗುತ್ತದೆ.

ಮೂರನೆಯದು, ತಿಂಡಿಪಟ್ಟಿ ಮೊಟಕಾಗಬೇಕು. ಮೂವತ್ತು ತಿಂಡಿ ಬರೆದು ‘ಅದು ಇಲ್ಲ, ಇದು ಆಯ್ತು’ ಎನ್ನುವುದಕ್ಕಿಂತ ಆರು ತಿಂಡಿ ಬಿಸಿಯಾಗಿ ಕೊಡುವುದು ಮೇಲು. 1943ರಲ್ಲಿ ಆರಂಭವಾದ ಬೆಂಗಳೂರಿನ ವಿದ್ಯಾರ್ಥಿ ಭವನ ದೋಸೆಯ ಹೆಸರಿನಿಂದಲೇ ನಿಂತಿದೆ. ಮೈಸೂರಿನ ಮೈಲಾರಿ ದೋಸೆಯ ಮಾತೂ ಅದೇ. ನಮ್ಮಲ್ಲಿ ಅಕ್ಕಿರೊಟ್ಟಿ, ರಾಗಿರೊಟ್ಟಿ, ಅವರೆಕಾಯಿ ಕಾಲದ ಉಪ್ಪಿಟ್ಟು ಇವನ್ನು ಬಿಟ್ಟು ಗೋಬಿ ಮಂಚೂರಿಯ ಹಿಂದೆ ಓಡಬೇಕಾಗಿಲ್ಲ. ಬೈಲಕುಪ್ಪೆ, ಕಬಿನಿಗೆ ಹೋಗುವ ಪ್ರವಾಸಿಗನೂ ತನ್ನ ಊರಿನಲ್ಲಿ ಸಿಗದ್ದನ್ನೇ ಹುಡುಕುತ್ತಾನೆ.

ನಾಲ್ಕನೆಯದು, ಬೆಳಕು, ನೀರು, ಶೌಚಾಲಯ. ಮುಂಭಾಗದಲ್ಲೇ ಹೆಂಗಸರು ನೆಮ್ಮದಿಯಾಗಿ ಕೂರುವ ನಾಲ್ಕು ಮೇಜು, ಒಂದು ಶುಚಿಯಾದ ಶೌಚಾಲಯ, ಎಲ್ಲರಿಗೂ ಒಂದೇ ಲೋಟ, ಒಂದೇ ಮರ್ಯಾದೆ. ಬಂಡವಾಳ ಹಾಕುವುದಾದರೆ ಗಾಜಿನ ಗೋಡೆಗೂ ಬಣ್ಣದ ದೀಪಕ್ಕೂ ಮೊದಲು ಇದಕ್ಕೆ ಹಾಕಬೇಕು. ದೊಡ್ಡ ಊರಿನ ಕೆಫೆಯ ವೇಷ ಹಾಕಿದರೆ ಅವರ ಬಾಡಿಗೆ, ಅವರ ದರ ಎರಡೂ ಜೊತೆಗೆ ಬರುತ್ತವೆ. ನಮ್ಮ ಪೇಟೆ ಅದನ್ನು ತಾಳುವುದಿಲ್ಲ.

ಐದನೆಯದು, ಕೂರಲು ಹೊಸ ಕಾರಣ ಕೊಡಬೇಕು. ಕಾಫಿ, ಅಡಕೆ, ಹೊಗೆಸೊಪ್ಪು, ಶುಂಠಿಯ ಆ ದಿನದ ಧಾರಣೆ ಬರೆದ ಕಪ್ಪು ಹಲಗೆ. ಮೂರು ನಾಲ್ಕು ಪತ್ರಿಕೆ. ಅರ್ಜಿ ತುಂಬಲು ನೆರವಾಗುವ ಒಬ್ಬ ವಿದ್ಯಾವಂತ ಹುಡುಗ ಅಥವಾ ಹುಡುಗಿ, ವಾರದಲ್ಲಿ ಎರಡು ದಿನ. ಪಾರ್ಸಲು ಇಟ್ಟುಕೊಂಡು ಕೊಡುವ ಕಪಾಟು. ಮೊಬೈಲು ಚಾರ್ಜು ಮಾಡಲು ಪ್ಲಗ್ಗು. ಧಾರಣೆ ಮೊಬೈಲಿನಲ್ಲೂ ಸಿಗುತ್ತದೆ, ನಿಜ. ಆ ಧಾರಣೆಗೆ ಇಂದೇ ಮಾರುವುದೋ, ತಡೆಯುವುದೋ ಎಂಬ ಮಾತಿಗೆ ಎದುರಿಗೊಬ್ಬ ಮನುಷ್ಯ ಬೇಕು.

ನಮ್ಮ ಸಂಘಗಳು ಮಾಡಬಹುದಾದದ್ದು

1942ರ ಕಾಫಿ ಕಾಯ್ದೆಯ ಕಾಲದಿಂದ ನಮ್ಮ ಕಾಫಿಯೆಲ್ಲ ಮಂಡಳಿಯ ಪೂಲ್‌ಗೆ ಹೋಗುತ್ತಿತ್ತು. ಮಾರುವ ಚಿಂತೆ ನಮ್ಮದಾಗಿರಲಿಲ್ಲ. 1990ರ ದಶಕದಲ್ಲಿ ಹಂತ ಹಂತವಾಗಿ ಅದು ಸಡಿಲಗೊಂಡು 1996ರ ಹೊತ್ತಿಗೆ ಪೂರ್ಣವಾಗಿ ಮುಕ್ತವಾಯಿತು. ಮಾರುವ ಸ್ವಾತಂತ್ರ್ಯ ನಮಗೆ ಬಂತು. ಅದನ್ನು ಕಾಳು ಮಾರುವುದಕ್ಕಷ್ಟೇ ಬಳಸಿದ್ದೇವೆ, ಪುಡಿ ಮಾರುವುದಕ್ಕೆ ಬಳಸಿದವರು ಕಡಿಮೆ.

ಒಂದು ಸಣ್ಣ ಹುರಿಯುವ ಯಂತ್ರ, ಒಂದು ಬೀಸುವ ಯಂತ್ರ ಇಟ್ಟುಕೊಂಡು ಸದಸ್ಯರ ಕಾಫಿಯಿಂದಲೇ ನಾಲ್ಕು ತಾಲ್ಲೂಕುಗಳ ಹೋಟೆಲುಗಳಿಗೆ ವಾರವಾರವೂ ಪುಡಿ ಒದಗಿಸಲು ಸಹಕಾರ ಸಂಘಕ್ಕೆ ಸಾಧ್ಯ. ನಮ್ಮ ಸೀಮೆಯ ರೋಬಸ್ಟಾ ಹಾಲಿನ ಕಾಫಿಗೆ ಹೇಳಿ ಮಾಡಿಸಿದಂಥದು. ಹಾಲು ಬೆರೆತರೂ ಅದರ ಕಸುವು ಉಳಿಯುತ್ತದೆ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಶೇಕಡಾ 51ಕ್ಕಿಂತ ಕಡಿಮೆ ಇರಕೂಡದು, ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು ಎಂಬುದು ಕಾನೂನು. ಸಂಘದ ಪುಡಿ ಆ ಮಟ್ಟಕ್ಕೆ ಬಂದು ನಿಲ್ಲದೆ ಶೇಕಡಾ 80ರ ಮೇಲಿರಲಿ. ವರ್ಷಪೂರ್ತಿ ಒಂದೇ ದರ, ಅಥವಾ ಕನಿಷ್ಠ ಮೂರು ತಿಂಗಳಿಗೊಮ್ಮೆ ಮಾತ್ರ ಬದಲಾಗುವ ದರ ನಿಗದಿಪಡಿಸಿದರೆ ಹೋಟೆಲಿನವನಿಗೆ ಲೋಟದ ಬೆಲೆ ಹೇಳಲು ಧೈರ್ಯ ಬರುತ್ತದೆ. ‘ಈ ಹೋಟೆಲಿನಲ್ಲಿ ಬೆಳೆಗಾರರ ಸಂಘದ ಕಾಫಿ’ ಎಂಬ ಫಲಕ ಬಾಗಿಲಲ್ಲಿರಲಿ.

ತಡಮಾಡಲು ಕಾಲವಿಲ್ಲ. 2025ರ ಸೆಪ್ಟೆಂಬರ್ 22ರಿಂದ ಇನ್‌ಸ್ಟಂಟ್ ಕಾಫಿಯ ಮೇಲಿನ ಜಿ.ಎಸ್.ಟಿ. ಶೇಕಡಾ 18ರಿಂದ 5ಕ್ಕೆ ಇಳಿದಿದೆ. ಕುದಿಯುವ ಹಾಲಿಗೆ ಒಂದು ಚಮಚ ಹಾಕಿ ಕಲಕುವ ಸುಲಭದ ದಾರಿ ಹೋಟೆಲಿನವನಿಗೆ ಇನ್ನೂ ಆಕರ್ಷಕವಾಗಿದೆ. ಫಿಲ್ಟರ್ ಕಾಫಿ ಒಮ್ಮೆ ಪೇಟೆಯ ನಾಲಗೆಯಿಂದ ಇಳಿದುಹೋದರೆ ಮತ್ತೆ ಹತ್ತಿಸುವುದು ಕಷ್ಟ.

ಇನ್ನು ವೈಯಕ್ತಿಕವಾಗಿ ಪ್ರತಿ ಸದಸ್ಯನಿಗೂ ಒಂದು ಕೆಲಸವಿದೆ. ಕಾಫಿ ಬೆಳೆಯುವ ನಮ್ಮಲ್ಲೇ ಎಷ್ಟೋ ಮನೆಗಳಲ್ಲಿ ನೆಂಟರಿಗೆ ಇನ್‌ಸ್ಟಂಟ್ ಪುಡಿ ಕಲಕಿ ಕೊಡುತ್ತೇವೆ, ಸಭೆಗಳಲ್ಲಿ ಟೀ ಹಂಚುತ್ತೇವೆ. ಮೊದಲು ಅದು ಬದಲಾಗಲಿ. ಪೇಟೆಗೆ ಹೋದಾಗ ಹಳೆಯ ಹೋಟೆಲಿಗೆ ಹೋಗಿ ಕೂರಿ, ಮನೆಯವರನ್ನೂ ಕರೆದುಕೊಂಡು ಹೋಗಿ. ಕಾಫಿ ಚೆನ್ನಾಗಿಲ್ಲದಿದ್ದರೆ ಸುಮ್ಮನೆ ಎದ್ದು ಬರಬೇಡಿ, ಮಾಲೀಕರಿಗೆ ಹೇಳಿ. ಪುಡಿ ಎಲ್ಲಿಂದ ತರುತ್ತಾರೆ, ಏನು ದರಕ್ಕೆ ತರುತ್ತಾರೆ, ದಿನಕ್ಕೆ ಎಷ್ಟು ಬೇಕಾಗುತ್ತದೆ ಎಂಬುದನ್ನು ವಿಚಾರಿಸಿ ಬರೆದಿಟ್ಟುಕೊಳ್ಳಿ. ಪ್ರತಿ ತಾಲ್ಲೂಕಿನಿಂದ ಹತ್ತು ಹೋಟೆಲುಗಳ ಇಂಥ ವಿವರ ಸಿಕ್ಕಿದರೆ ಪುಡಿ ಘಟಕದ ಲೆಕ್ಕಾಚಾರಕ್ಕೆ ಅದೇ ತಳಹದಿ. ಮುಂದಿನ ವಾರ್ಷಿಕ ಮಹಾಸಭೆಗೆ ಸದಸ್ಯರು ಈ ವಿವರಗಳೊಂದಿಗೆ ಬಂದು ಚರ್ಚೆಯಲ್ಲಿ ಭಾಗವಹಿಸಬೇಕೆಂದು ಕೋರುತ್ತೇವೆ.